ಫಿಲ್ಲರ್ ಬೆರೆತಾಗ ಎಂಎಫ್‌ಐ ಎಷ್ಟು ನಂಬಬಹುದು?

ಪಾಲಿಪ್ರೊಪಿಲೀನ್‌ಗೆ ಟಾಲ್ಕ್ ಇಲ್ಲವೇ ಸುಣ್ಣಕಲ್ಲಿನ ಪುಡಿಯಂಥ ಫಿಲ್ಲರ್ ಬೆರೆಸಿ ಕುರ್ಚಿ, ಕಾರಿನ ಡ್ಯಾಶ್‌ಬೋರ್ಡ್ ಮಾಡುವುದು ಹಳೆಯ ಪದ್ಧತಿ. ಬಿಗಿತ ಹೆಚ್ಚುತ್ತದೆ, ಕುಗ್ಗುವಿಕೆ ತಗ್ಗುತ್ತದೆ. ಬೆರಕೆಯ ಬಗ್ಗೆ ನನ್ನ ತಕರಾರಿಲ್ಲ. ಆ ಮಾಲು ಅಚ್ಚಿನಲ್ಲಿ ಹೇಗೆ ಹರಿದೀತು ಎಂಬುದನ್ನು ಮೆಲ್ಟ್ ಫ್ಲೋ ಇಂಡೆಕ್ಸ್, ಅಂದರೆ ಎಂಎಫ್‌ಐ, ಎಂಬ ಒಂದೇ ಅಂಕಿ ನೋಡಿ ನಿರ್ಧರಿಸುವ ರೂಢಿ ಮಾತ್ರ ಒಪ್ಪಿಗೆಯಾಗುವುದಿಲ್ಲ.

ಪರೀಕ್ಷೆ ಸರಳ. 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪಾಲಿಪ್ರೊಪಿಲೀನ್ ಮೇಲೆ 2.16 ಕಿಲೋ ಭಾರವಿಟ್ಟು, ಸಣ್ಣ ರಂಧ್ರದಿಂದ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯಿತೆಂದು ತೂಗುತ್ತಾರೆ. ತೊಡಕು ಶುರುವಾಗುವುದು ಈ ತೂಕದಲ್ಲೇ. ಕರಗಿದ ಪಾಲಿಪ್ರೊಪಿಲೀನ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 0.74 ಗ್ರಾಂ ಆಸುಪಾಸು, ಟಾಲ್ಕ್‌ನದು ಸುಮಾರು 2.7. ತೂಕದಲ್ಲಿ ಶೇ. 40 ಟಾಲ್ಕ್ ಸೇರಿದರೆ ಕರಗಿದ ಮಿಶ್ರಣದ ಸಾಂದ್ರತೆ 1.04ರ ಹತ್ತಿರ ಬರುತ್ತದೆ. ಬರಿಯ ಮಾಲು, ಬೆರಕೆ ಮಾಲು ಎರಡೂ 10 ಗ್ರಾಂ ತೋರಿಸಿದವು ಎನ್ನಿ. ಬೆರಕೆಯದು ಗಾತ್ರದಲ್ಲಿ ಶೇ. 30ರಷ್ಟು ಕಡಿಮೆ ಇಳಿದಿರುತ್ತದೆ. ಅಚ್ಚು ತುಂಬಬೇಕಾದದ್ದು ಗಾತ್ರದ ಲೆಕ್ಕದಲ್ಲಿ. ಮಾಲು ದಪ್ಪಗಾದದ್ದನ್ನು ಗ್ರಾಂ ಲೆಕ್ಕ ಮುಚ್ಚಿಡುತ್ತದೆ.

ಎರಡನೆಯ ಕೊರತೆ ಇದಕ್ಕಿಂತ ಆಳದ್ದು, ಮತ್ತು ವಿರುದ್ಧ ದಿಕ್ಕಿನದು. ದ್ರವದಲ್ಲಿ ಗಟ್ಟಿ ಕಣ ತೇಲಿದರೆ ಸ್ನಿಗ್ಧತೆ ಎಷ್ಟು ಏರುತ್ತದೆಂದು ಐನ್‌ಸ್ಟೈನ್ 1906ರಲ್ಲೇ ಲೆಕ್ಕ ಹಾಕಿದರು, 1911ರಲ್ಲಿ ಅದನ್ನು ತಿದ್ದಿದರು: ಗಾತ್ರದಲ್ಲಿ ಕಣಗಳ ಪಾಲಿನ 2.5 ಪಟ್ಟು. ಆದರೆ ಅದು ವಿರಳವಾಗಿ ಹರಡಿದ ಗುಂಡು ಕಣಗಳ ಮಾತು. ಟಾಲ್ಕ್ ಚಪ್ಪಟೆ, ದಟ್ಟವಾದಾಗ ಕಣಕ್ಕೆ ಕಣ ತಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ನಿಧಾನದ ಹರಿವಿನಲ್ಲಿ ಈ ಬಲೆ ಬಲವಾಗಿ ತಡೆಯುತ್ತದೆ. ಎಂಎಫ್‌ಐ ಅಳೆಯುವುದು ಇಂಥ ನಿಧಾನದ ಹರಿವನ್ನೇ. ಇಂಜೆಕ್ಷನ್ ಯಂತ್ರದಲ್ಲಿ ಮಾಲು ಅಚ್ಚಿಗೆ ನುಗ್ಗುವ ಕಿರಿದಾದ ಬಾಯಿಯಲ್ಲಿ, ಅಂದರೆ ಗೇಟಿನಲ್ಲಿ, ಶಿಯರ್ ದರ (ಪದರದ ಮೇಲೆ ಪದರ ಜಾರುವ ದರ) ಸೆಕೆಂಡಿಗೆ ಸಾವಿರಗಳಲ್ಲಿರುತ್ತದೆ. ಅಲ್ಲಿ ಬಲೆ ಹರಿದು, ಚಪ್ಪಟೆ ಕಣಗಳು ಹರಿವಿನ ದಿಕ್ಕಿಗೆ ಮಲಗುತ್ತವೆ. ಪಾಲಿಮರ್ ತಾನೂ ತೆಳುವಾಗುತ್ತದೆ. ಬೆರಕೆಗೂ ಬರಿಯ ಮಾಲಿಗೂ ಇರುವ ಅಂತರ ಬಹಳಷ್ಟು ಕಿರಿದಾಗುತ್ತದೆ. ಸುಣ್ಣಕಲ್ಲಿನ ಪುಡಿಗೆ ಸ್ಟಿಯರಿಕ್ ಆಮ್ಲ ಲೇಪಿಸಿದರೆ ಕಣಗಳ ಅಂಟು ಕಡಿಮೆಯಾಗಿ, ನಿಧಾನದ ಹರಿವೂ ಸುಧಾರಿಸುತ್ತದೆ.

ಹೀಗೆ ಅದೇ ಅಂಕಿ ಒಂದು ಕಡೆ ಮರೆಮಾಚುತ್ತದೆ, ಇನ್ನೊಂದು ಕಡೆ ಉತ್ಪ್ರೇಕ್ಷಿಸುತ್ತದೆ. ಒಂದೇ ಗ್ರೇಡಿನ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ ಹಿಡಿಯಲು ಎಂಎಫ್‌ಐ ಒಳ್ಳೆಯ ಸಾಧನ. ಅಗ್ಗ, ಬೇಗ ಮುಗಿಯುತ್ತದೆ. ಎರಡು ಬೇರೆ ಬೆರಕೆಗಳನ್ನು ಹೋಲಿಸಲು ಅದು ಯೋಗ್ಯವಲ್ಲ. ಫಿಲ್ಲರ್ ಮಾಲು ಕೊಳ್ಳುವವರು ಗಾತ್ರದ ಲೆಕ್ಕದ ಹರಿವಿನ ಅಂಕಿಯನ್ನೂ ಬೇರೆ ಬೇರೆ ಶಿಯರ್ ದರಗಳಲ್ಲಿ ಸ್ನಿಗ್ಧತೆ ತೋರಿಸುವ ಕ್ಯಾಪಿಲರಿ ರಿಯೋಮೀಟರ್‌ನ ರೇಖೆಯನ್ನೂ ಮಾರುವವರಿಂದ ಕೇಳಿ ಪಡೆಯಬೇಕು.