ಹಕ್ಕಿಗೆ ಹೆಸರಿದೆ

ಈಚಿನ ಹಲವು ಕನ್ನಡ ಕವಿತೆಗಳನ್ನು ಓದುವಾಗ, ಇದು ಯಾವ ಹಕ್ಕಿ ಎಂದು ಕೇಳಬೇಕೆನಿಸುತ್ತದೆ. ಅದು ಸುಮ್ಮನೆ ಹಾರುತ್ತದೆ, ಸ್ವಾತಂತ್ರ್ಯವೋ ವಿರಹವೋ ಆಗಿ ಮುಗಿಯುತ್ತದೆ. ತೇಜಸ್ವಿಯವರ ‘ಹಕ್ಕಿಪುಕ್ಕ’ ಹಿಡಿದು ಮೈಸೂರಿನ ಕುಕ್ಕರಹಳ್ಳಿ ಕೆರೆಯಂಚಿನ ಮರಗಳಡಿ ನಿಂತರೆ ಈ ಕೊರತೆ ಎದ್ದು ಕಾಣುತ್ತದೆ.

ಕಪ್ಪು ಮೈ, ಹಣೆಯಲ್ಲಿ ಬಿಳಿ ಗುರುತು: ನಾಮದ ಕೋಳಿ. ಮೈ ಮುಳುಗಿಸಿ ಉದ್ದ ಕತ್ತನ್ನಷ್ಟೇ ಮೇಲೆತ್ತಿ ಈಜುವುದು ಹಾವಕ್ಕಿ. ನೋಡಿ ನೋಡಿ ಜನ ಕಟ್ಟಿದ ರೂಪಕಗಳಿವು. ಅದೇ ಹಾವಕ್ಕಿ ಕೊಂಬೆಯೇರಿ ನೆಂದ ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ಹಾರಾಟವನ್ನಷ್ಟೇ ಬಲ್ಲ ಕವಿತೆಗೆ ಅದು ಕಾಣುವುದೇ ಇಲ್ಲ.

ಮಾಹಿತಿ ಕಾವ್ಯವನ್ನು ಕೊಲ್ಲುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹೆಸರು ಗೊತ್ತಾದ ಹಕ್ಕಿಯನ್ನು ಮತ್ತೆ ಹುಡುಕುತ್ತೇವೆ, ಇನ್ನಷ್ಟು ಹೊತ್ತು ನೋಡುತ್ತೇವೆ. ಕವಿತೆ ಶುರುವಾಗಬೇಕಾದದ್ದು ಅಲ್ಲಿಂದ.