ರಾಂಪುರ ಪಾಠದಲ್ಲಿದೆ, ಹಗರೆ ಎಲ್ಲಿ?

ಹಾಸನದಿಂದ ಬೇಲೂರಿಗೆ ಹೋಗುವಾಗ ಹಗರೆಯಲ್ಲಿ ಹಳೇಬೀಡಿನ ದಾರಿ ಒಡೆಯುತ್ತದೆ. ಈ ಸೀಮೆಯಲ್ಲಿ ಬಿ.ಎ. ಮುಗಿಸಿ ಸಮಾಜಶಾಸ್ತ್ರದ ಎಂ.ಎ. ಮಾಡಬೇಕೆನ್ನುವವರು ಮೈಸೂರಿನ ಮಾನಸಗಂಗೋತ್ರಿಯ ಕಡೆ ನೋಡುತ್ತಾರೆ. ಅದು ಆಗದವರಿಗೆ ಮುಕ್ತ ವಿಶ್ವವಿದ್ಯಾನಿಲಯವಿದೆ. ಎರಡು ವರ್ಷ ಓದಿ ಬಂದವರಿಗೆ ತಮ್ಮ ಊರು ಮೊದಲಿಗಿಂತ ಬೇರೆಯಾಗಿ ಕಾಣಬೇಕು. ಈ ಪದವಿಯನ್ನು ನಾನು ಅಳೆಯುವುದು ಇದೊಂದರಿಂದಲೇ.

ಸಿದ್ಧಾಂತದ ಪಾಠ ದಂಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಫ್ರಾನ್ಸಿನ ಡರ್ಖೈಮ್ ನಮ್ಮ ಮಕ್ಕಳಿಗೆ ಯಾಕೆ ಎಂದು ಕೇಳುತ್ತಾರೆ. 1897ರಲ್ಲಿ ಆತ ಆತ್ಮಹತ್ಯೆಯ ಮೇಲೆ ಬರೆದ ಪುಸ್ತಕ, ತೀರಾ ಖಾಸಗಿಯೆಂದು ಕಾಣುವ ಸಾವಿಗೂ ಸಮಾಜದಲ್ಲಿ ಕಾರಣ ಹುಡುಕಿತು. ಅದನ್ನು ಮನಸ್ಸಿಟ್ಟು ಓದಿದ ಹುಡುಗಿ, ರೈತನೊಬ್ಬ ಜೀವ ಕಳೆದುಕೊಂಡಾಗ ‘ಕುಡಿತ ಜಾಸ್ತಿಯಿತ್ತಂತೆ’ ಎಂಬ ಮಾತಿಗೆ ಸುಮ್ಮನಾಗುವುದಿಲ್ಲ. ಸಾಲ ಯಾರದು, ಆ ವರ್ಷ ಆಲೂಗಡ್ಡೆಗೆ ಅಂಗಮಾರಿ ಬಿದ್ದಿತ್ತೇ, ಕಷ್ಟಕ್ಕೆ ನಿಲ್ಲುವವರು ಯಾರಾದರೂ ಇದ್ದರೇ ಎಂದು ಕೇಳುತ್ತಾಳೆ. ಈ ಕಲಿಕೆ ದೊಡ್ಡದು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದರು. ಬರವಣಿಗೆಯಲ್ಲಿ ಆ ಊರನ್ನು ರಾಂಪುರ ಎಂದು ಕರೆದರು. ‘ಪ್ರಬಲ ಜಾತಿ’ಯ ಕುರಿತ ಅವರ ಪ್ರಸಿದ್ಧ ಲೇಖನ ಆ ಊರಿನದೇ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ನಮ್ಮ ವಿದ್ಯಾರ್ಥಿಗೆ ಇವೆಲ್ಲ ಗೊತ್ತು, ಪ್ರಬಲ ಜಾತಿಯ ಲಕ್ಷಣಗಳು ಬಾಯಿಪಾಠ. ತನ್ನ ಊರಿನಲ್ಲಿ ಜಮೀನು ಯಾರ ಕೈಯಲ್ಲಿದೆ, ಪಂಚಾಯಿತಿಯಲ್ಲಿ ಮೀಸಲು ಸ್ಥಾನದಿಂದ ಗೆದ್ದ ಹೆಂಗಸಿನ ಪರವಾಗಿ ಮಾತಾಡುವವರು ಯಾರು ಎಂದು ಬರೆದರೆ ಮಾತ್ರ ಅದಕ್ಕೆ ಅಂಕವಿಲ್ಲ. ಬ್ರಾಹ್ಮಣರಾದ ಶ್ರೀನಿವಾಸರಿಗೆ ಎಲ್ಲ ಕೇರಿಗಳೂ ಒಂದೇ ಸಮ ತೆರೆದಿರಲಿಲ್ಲ. ದಲಿತ ಕೇರಿಯಿಂದ ಬಂದ ವಿದ್ಯಾರ್ಥಿಗೆ ಅವರಿಗೆ ಕಾಣದ್ದು ಕಾಣುತ್ತದೆ. ಆ ಕಣ್ಣಿಗೆ ಬೆಲೆ ಕೊಡದಿರುವುದು ಈ ಪದವಿಯ ಅತಿ ದೊಡ್ಡ ನಷ್ಟ.

ಸಂಶೋಧನಾ ವಿಧಾನದ ಪತ್ರಿಕೆ ಇದನ್ನು ಸರಿಪಡಿಸಬೇಕಿತ್ತು. ಆದರೆ ಕಿರುಪ್ರಬಂಧ ಎಂದರೆ ಪ್ರಶ್ನಾವಳಿ, ಶೇಕಡಾವಾರು ಕೋಷ್ಟಕ, ಸ್ಪೈರಲ್ ಬೈಂಡಿಂಗ್ ಎಂದಾಗಿದೆ. ಪ್ರಶ್ನಾವಳಿಯಲ್ಲಿ ‘ವೃತ್ತಿ: ಕೃಷಿ / ಕೂಲಿ / ಇತರೆ’ ಎಂಬ ಸಾಲಿರುತ್ತದೆ. ಹಗರೆಯಂಥ ಊರಿನ ಹೆಂಗಸೊಬ್ಬಳನ್ನು ನೆನೆಯಿರಿ: ಮಳೆಗಾಲದಲ್ಲಿ ಸ್ವಂತದ ಅರ್ಧ ಎಕರೆ, ನಂತರ ಮುಯ್ಯಾಳಾಗಿ ಪಕ್ಕದವರ ಹೊಲ, ಚಳಿಗಾಲದಲ್ಲಿ ಪಿಕಪ್ ಹತ್ತಿ ಮಲೆನಾಡಿನ ತೋಟಕ್ಕೆ ಕಾಫಿ ಕೊಯ್ಯಲು. ಗುರುತು ಎಲ್ಲಿ ಹಾಕುವುದು? ‘ಕೃಷಿ’ ಎಂದು ಹಾಕಿದ ತಕ್ಷಣ ಅವಳ ಅರ್ಧ ಬದುಕು ಕೋಷ್ಟಕದಿಂದ ಹೊರಗುಳಿಯುತ್ತದೆ. ಇನ್ನೊಂದು ಉದಾಹರಣೆ: ಬೇಲೂರು ಚನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಿಸುವ ಪದ್ಧತಿಗೆ 2022ರಲ್ಲಿ ವಿರೋಧ ಎದ್ದಿತು. ಆ ಪದ್ಧತಿ ಯಾರಿಗೆ ಏನಾಗಿತ್ತು, ಈಗ ಏಕೆ ಚುಚ್ಚುತ್ತದೆ ಎಂಬುದಂತೂ ಹೌದು–ಅಲ್ಲ ಪ್ರಶ್ನೆಗೆ ಸಿಗುವ ವಿಷಯವೇ ಅಲ್ಲ. ತೇರಿನ ಬೀದಿಯಲ್ಲಿ ನಿಲ್ಲಬೇಕು, ಮಾತಿಗೆ ಕೂರಬೇಕು.

ಮೇಷ್ಟ್ರುಗಳ ಕಷ್ಟವೂ ಇದೆ. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗದಲ್ಲಿ ಅಷ್ಟೂ ಪ್ರಬಂಧಗಳನ್ನು ಕೂತು ತಿದ್ದುವವರು ಯಾರು? ಮಕ್ಕಳ ಕಣ್ಣು ಕೆ-ಸೆಟ್ ಪರೀಕ್ಷೆಯ ಮೇಲೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಹುದ್ದೆಯ ಮೇಲೆ. ಅದು ತಪ್ಪಲ್ಲ, ಪಿಡಿಒ ಆಗುವವನಿಗೇ ಈ ಕಣ್ಣು ಮೊದಲು ಬೇಕು.

ಮಾದರಿಗೆ ದೂರ ಹೋಗಬೇಕಿಲ್ಲ. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಎರಡು ಹಳ್ಳಿಗಳನ್ನು, ವಂಗಲ, ದಲೇನ ಎಂದು ಹೆಸರಿಟ್ಟು, ಅಕ್ಕಪಕ್ಕ ಇಟ್ಟು ನೋಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರಿನಲ್ಲಿ ಕಬ್ಬು ಬೆಳೆದರೂ ಹಳೆಯ ಆಳು–ಒಡೆಯ ಸಂಬಂಧಗಳು ಉಳಿದವು. ಕೆಲಸ ಹುಡುಕಿ ಹೊರಗೆ ಹೋಗಬೇಕಾದ ಒಣ ಊರಿನಲ್ಲೇ ಅವು ಹೆಚ್ಚು ಸಡಿಲವಾದವು. ಯಾರೂ ಹೀಗೆ ಊಹಿಸಿರಲಾರರು. ಊರಲ್ಲಿ ಇದ್ದು ನೋಡಿದ್ದರಿಂದ ಗೊತ್ತಾದದ್ದು ಇದು. ಬೇಲೂರು ತಾಲ್ಲೂಕಿನಲ್ಲೂ ಯಗಚಿಯ ನೀರು ಕಂಡ ಊರುಗಳಿವೆ, ಕಾಣದ ಊರುಗಳಿವೆ. ಇಬ್ಬರು ವಿದ್ಯಾರ್ಥಿಗಳು ಒಂದೊಂದು ಊರು ಹಿಡಿದು, ಬಿತ್ತನೆಯಿಂದ ಕಾಫಿ ಕೊಯ್ಲಿನವರೆಗೆ ಓಡಾಡಿ ಬರೆಯಲಿ. ಎಪ್‌ಸ್ಟೈನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿದರು. ನಮ್ಮಲ್ಲೂ ಮೊದಲ ತಂಡ ಬರೆದದ್ದನ್ನು ವಿಭಾಗದ ಗ್ರಂಥಾಲಯದಲ್ಲಿ ಜೋಪಾನ ಮಾಡಿ, ಹತ್ತು ವರ್ಷದ ನಂತರದ ತಂಡದ ಕೈಗೆ ಕೊಟ್ಟು ಅದೇ ಊರಿಗೆ ಕಳಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಪಠ್ಯಕ್ರಮದಲ್ಲಿ ಒಂದು ಪತ್ರಿಕೆಯ ಜಾಗ ಬೇಕು.