ಮರಕೋತಿಗೆ ಬೇಲಿ, ಗುಡ್ಡಕ್ಕೆ ಬಿಡುಗಡೆ

ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂ ಕಡೆ ಹೊರಟರೆ ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡಗಳು ಕಣ್ಣು ತಪ್ಪಿಸುವುದಿಲ್ಲ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟನ್ನು ದಶಕಗಟ್ಟಲೆ ಸುರಿದು ಆದ ದಿಬ್ಬಗಳಿವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು, ಗುಡ್ಡ ಅಲ್ಲೇ ಉಳಿಯಿತು. ಜೋರು ಗಾಳಿಗೆ ಹಿಟ್ಟು ಊರೊಳಕ್ಕೇ ಬರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಸ್ವಲ್ಪ ಅಪಾಯದ ಆಟವೂ ಇರಲಿ ಎನ್ನುವವರು ಇಲ್ಲಿ ಮೊದಲು ಯಾವ ಅಪಾಯ ಅಂತ ಹೇಳಬೇಕು.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಇಂಥ ಆಟವನ್ನು ಆರು ಬಗೆ ಮಾಡಿದರು: ಎತ್ತರ, ವೇಗ, ಹರಿತವಾದ ಸಲಕರಣೆ, ನೀರು-ಬೆಂಕಿಯ ಸಮೀಪ, ಮೈಮೇಲೆ ಬಿದ್ದು ಹೊರಳಾಡುವುದು, ಕಳೆದುಹೋಗುವಷ್ಟು ದೂರ ಅಲೆಯುವುದು. ನಮ್ಮ ಅಜ್ಜಂದಿರು ಇದನ್ನು ಬರೀ ಆಟ ಅನ್ನುತ್ತಿದ್ದರು, ಅಷ್ಟೆ.

ಮರಕೋತಿ ಆಟವನ್ನೇ ನೋಡಿ. ಕಾಲ ಸಂದಿಯಿಂದ ಕೋಲು ಬೀಸಿ ಎಸೆಯುತ್ತಾರೆ. ಕಳ್ಳನಾದವನು ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರು ಮರದ ಮೇಲೆ. ಹತ್ತಿದ ಹುಡುಗಿ ಕೊಂಬೆಯ ತುದಿಗೆ ಹೋಗುವ ಮುಂಚೆ ಒಂದು ಕಾಲನ್ನಷ್ಟೇ ಊರಿ ಒತ್ತಿ ನೋಡುತ್ತಾಳೆ. ಕೊಂಬೆ ಬಾಗಿತೋ, ಹಿಂದಕ್ಕೆ. ಆ ಅರೆಗಳಿಗೆಯ ಲೆಕ್ಕವನ್ನು ಯಾವ ಮೇಷ್ಟ್ರೂ ಕಪ್ಪುಹಲಗೆಯ ಮೇಲೆ ಕಲಿಸಲಾರರು. ಕೊಂಬೆಯ ಅಪಾಯ ಮಗುವಿನ ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಿಳಿಯುತ್ತದೆ. ಸೈನೈಡ್ ಗುಡ್ಡದ ಧೂಳು ಹಾಗಲ್ಲ. ಜಾರಲು ಮಜಾ, ಆದರೆ ಶ್ವಾಸಕೋಶಕ್ಕೆ ಹೋದದ್ದು ಏನು ಅಂತ ಎಂಟು ವರ್ಷದ ಹುಡುಗನಿಗೆ ಗೊತ್ತಾಗುವ ಬಗೆಯೇ ಇಲ್ಲ. ಪಾಳುಬಿದ್ದ ಗಣಿ ಶಾಫ್ಟುಗಳ ಮಾತೂ ಅದೇ. ಅದು ಆಟದ ಅಪಾಯವಲ್ಲ, ದೊಡ್ಡವರ ಹೊಣೆಗೇಡಿತನ.

ನಮ್ಮ ಶಾಲೆಗಳ ರೂಢಿ ಈ ವ್ಯತ್ಯಾಸವನ್ನೇ ತಲೆಕೆಳಗು ಮಾಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆಟದ ಮೈದಾನವನ್ನೂ ಕೇಳುತ್ತದೆ, ಕಾಂಪೌಂಡನ್ನೂ ಕೇಳುತ್ತದೆ. ಕಾಂಪೌಂಡು ಎದ್ದರೆ ಕೆಲಸ ಮುಗಿದಂತೆ. ಒಳಗೆ ಓಡಬೇಡ, ಹತ್ತಬೇಡ, ಮಣ್ಣಾಗಬೇಡ, ಪಿ.ಟಿ. ಪೀರಿಯಡ್ಡು ಪರೀಕ್ಷೆ ಹತ್ತಿರವಾದರೆ ಗಣಿತಕ್ಕೆ. ಗಂಟೆ ಹೊಡೆದ ಮೇಲೆ ಅದೇ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಯಾರ ರಿಜಿಸ್ಟರಿನಲ್ಲೂ ಇಲ್ಲ.

ಆದರೂ ನಾರ್ವೆಯ ಪಾಠವನ್ನು ಹಾಗೇ ಎತ್ತಿ ತರಲಾಗದು. ಒಬ್ಬರೇ ಟೀಚರು ಎರಡು ತರಗತಿ ನೋಡಿಕೊಳ್ಳುವ ಕಡೆ ಮಗುವಿನ ಕೈ ಮುರಿದರೆ ಪೋಷಕರ ಸಿಟ್ಟು, ಮೇಲಿನವರ ನೋಟೀಸು ಎಲ್ಲ ಆಕೆಯ ತಲೆಗೇ. ಆಕೆಯನ್ನು ಪುಕ್ಕಲು ಅನ್ನುವುದು ಸುಲಭ, ನ್ಯಾಯವಲ್ಲ. ಸಂಶೋಧಕಿ ಮಾರಿಯಾನಾ ಬ್ರುಸೋನಿ ಮತ್ತು ಸಂಗಡಿಗರು 2015ರಲ್ಲಿ ಮಾಡಿದ ಅಧ್ಯಯನಗಳ ಪರಾಮರ್ಶೆ, ಇಂಥ ಆಟದಿಂದ ಮಕ್ಕಳ ಆರೋಗ್ಯಕ್ಕೆ ಒಟ್ಟಾರೆ ಒಳಿತೇ ಹೆಚ್ಚು ಎನ್ನುತ್ತದೆ. ಅದು ಟೀಚರಿಗೆ ಧೈರ್ಯ ಕೊಡಬಹುದು, ರಕ್ಷಣೆ ಕೊಡದು. ರಕ್ಷಣೆ ಕೊಡಬೇಕಾದವರು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಕೂತಿರುವ ಪೋಷಕರು.

ಮುಂದಿನ ಸಭೆಯಲ್ಲಿ ಎರಡು ಠರಾವು ಬರೆಸಿ: ಗುಡ್ಡಕ್ಕೂ ಶಾಫ್ಟಿಗೂ ಬೇಲಿ ಹಾಕಿಸಿ ಎಂದು ಸರ್ಕಾರಕ್ಕೊಂದು, ಅಂಗಳದ ಬೇವಿನ ಮರ ಹತ್ತಲು ಮಕ್ಕಳಿಗೆ ಅಡ್ಡಿಯಿಲ್ಲ, ಮೊಣಕಾಲು ತರಚಿದರೆ ಟೀಚರನ್ನು ದೂರುವುದಿಲ್ಲ ಎಂದು ಇನ್ನೊಂದು. ಎರಡಕ್ಕೂ ನಿಮ್ಮದೇ ಸಹಿ ಇರಲಿ.